ಬೆರಳುದ್ದದ ಬಾಗಿಲು

ಒಂದು ಪೆನ್ಸಿಲ್ ಚಿತ್ರಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟರು ಎಂದರೆ ಕೇಳಿದವರು ನಗುತ್ತಾರೆ. ನಗಲಿ ಬಿಡಿ. ನಿಪ್ಪಾಣಿ ಹತ್ತಿರದ ಭೋಜ ಊರಿನ ಜೈನರ ಮಗದುಮ್ ಮನೆಯಲ್ಲಿ ಆದದ್ದು ಹಾಗೆಯೇ. ಚಿತ್ರ ತೆಗೆದವಳು ದೊಡ್ಡ ಮಗನ ಮಗಳು ಬ್ರಾಹ್ಮಿ. ಜಗಳ ಹೊತ್ತಿಸಿದವನು ಅವಳ ಕಾಕಾ ಶೀತಲ. ಉರಿಯಲು ಬಿಟ್ಟು ಕೈಕಟ್ಟಿ ಕೂತವಳು ಮಾತ್ರ ಅವನ ಹೆಂಡತಿ ತ್ರಿಶಲಾ, ಮನೆಯ ಕಿರಿಯ ಸೊಸೆ.

ಮನೆಗೆ ಹಿರಿಯಳು ಅಕ್ಕಾತಾಯಿ. ಮೊಮ್ಮಗಳು ಅವಳನ್ನು ಆಯಿ ಎನ್ನುತ್ತಾಳೆ. ಬೆಳಿಗ್ಗೆ ಬಸದಿಗೆ ಹೋಗಿ ಬರುವವರೆಗೆ ಅವಳ ಬಾಯಿಗೆ ಚಹಾ ಸೋಕುವುದಿಲ್ಲ. ದೊಡ್ಡ ಮಗ ನೇಮಿನಾಥ ಕಬ್ಬು ತಂಬಾಕು ನೋಡಿಕೊಳ್ಳುತ್ತಾನೆ, ಶೀತಲನಿಗೆ ನಿಪ್ಪಾಣಿಯಲ್ಲಿ ಗೊಬ್ಬರದ ಅಂಗಡಿ. ಹೊತ್ತು ಮುಳುಗುವ ಮೊದಲೇ ಉಣ್ಣುವ ಮನೆಯಾದ್ದರಿಂದ ಶೀತಲ ಎಲ್ಲಿದ್ದರೂ ಬಿಸಿಲಿರುವಾಗಲೇ ಗಾಡಿ ಓಡಿಸಿಕೊಂಡು ಬರಬೇಕು, ಎಲ್ಲರೂ ಪಡಸಾಲೆಯಲ್ಲಿ ಒಂದೇ ಸಾಲಿಗೆ ಕೂರಬೇಕು. ಹೀಗಾಗಿ ಆ ಮನೆಯ ಜಗಳವೆಲ್ಲ ಬೆಳಕಿನಲ್ಲೇ, ತಾಟಿನ ಮುಂದೆಯೇ ನಡೆಯುತ್ತದೆ.

ಅಂದು ತಾಟಿನಲ್ಲಿ ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ ಇತ್ತು. ಬ್ರಾಹ್ಮಿ ರೊಟ್ಟಿ ಮುರಿಯದೆ ಕೂತಿದ್ದಳು.

“ಅಪ್ಪಾ, ಬೆಳಗಾಂವ್ಯಾಗ ಪರೀಕ್ಷೆ ಐತಿ. ಹೆಸರ ಹಚ್ಚಲೇನು?”

“ಯಾ ಪರೀಕ್ಷೆ?”

“ಆರ್ಕಿಟೆಕ್ಟ್ ಕಾಲೇಜಿಂದು. ಮನಿ, ಗುಡಿ, ಸಾಲಿ ಎಲ್ಲಾ ಹೆಂಗ ಕಟ್ಟೂದಂತ ಚಿತ್ರಾ ತೆಗಿಯೂದು ಕಲಸ್ತಾರ.”

“ಮನಿ ಕಟ್ಟಾಕ ಗವಂಡಿ ದಾದಾಸಾಬ ಅದಾನಲ್ಲ,” ಎಂದಳು ತಾಯಿ ರಾಜಮತಿ. “ಸುಮ್ಮ ಬಿ.ಎಸ್ಸಿ. ಮಾಡು, ಬಿ.ಎಡ್. ಮಾಡು. ಚಿತ್ರಾ ತೆಗದ ಯಾರ ಉದ್ಧಾರ ಆಗ್ಯಾರ?”

ಆ ಮಾತು ಮಗಳಿಗೆ ತಾಗಿತೋ ಇಲ್ಲವೋ, ರೊಟ್ಟಿ ಬಡಿಸುತ್ತಿದ್ದ ತ್ರಿಶಲಾಗೆ ಸರಿಯಾಗಿ ತಾಗಿತು.

ನೇಮಿನಾಥ ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡ. ಹಳೆಯ ಮನೆಯ ಹಿಂದಿನ ಅರ್ಧ ಕುಸಿದು ವರ್ಷವಾಗಿತ್ತು. ಈ ಸಲ ಅದನ್ನು ತೆಗೆದು ಓಣಿಯ ಉದ್ದಕ್ಕೆ ಹೊಸದಾಗಿ ಕಟ್ಟಬೇಕೆಂದು ಮಾತಾಗಿತ್ತು. ಒಂದೇ ಚಾವಣಿ, ಎರಡು ಬಾಗಿಲು. ಮೂಡಣ ಅರ್ಧ ಅಣ್ಣನಿಗೆ, ಪಡುವಣ ಅರ್ಧ ತಮ್ಮನಿಗೆ.

“ಹಿಂಗ ಮಾಡು,” ಎಂದ ಮಗಳಿಗೆ. “ನಮ್ಮ ಹೊಸಾ ಮನಿ ಹೆಂಗ ಕಾಣತೈತಿ ಅಂತ ತೆಗದ ತೋರಸು. ಮನ್ಯಾಗಿನ ಎಲ್ಲಾರೂ ಹೂಂ ಅಂದ್ರ ಪರೀಕ್ಷೆಗೆ ಹೋಗು. ಒಬ್ಬರು ಒಲ್ಲೆ ಅಂದ್ರೂ ನಿಪ್ಪಾಣಿಯಾಗಿನ ಚಿತ್ರದ ಕ್ಲಾಸ ಸೈತ ಬಂದ್.”

ಹುಡುಗಿಯ ಮುಖ ಅರಳಿತು. ಆಮೇಲೆ ರೊಟ್ಟಿಯ ಮೇಲೆ ರೊಟ್ಟಿ ತಿಂದಳು.

ಇನ್ನು ತ್ರಿಶಲಾಳ ಸಂಗತಿ ಹೇಳಿಬಿಡಬೇಕು. ಅವಳು ಗಡಿಯಾಚೆ ಮಹಾರಾಷ್ಟ್ರದ ಕಾಗಲದ ಹೆಣ್ಣು. ಅಲ್ಲಿಯ ಸಾಲೆಯಲ್ಲಿ ಡ್ರಾಯಿಂಗಿನ ಎಲಿಮೆಂಟರಿ, ಇಂಟರ್‌ಮೀಡಿಯೇಟ್ ಎರಡೂ ಪರೀಕ್ಷೆಗಳಲ್ಲಿ ಎ ಗ್ರೇಡು ತೆಗೆದವಳು. ಕೊಲ್ಲಾಪುರಕ್ಕೆ ಹೋಗಿ ಡ್ರಾಯಿಂಗ್ ಟೀಚರ್ ಆಗಬೇಕೆಂದು ಸೀಟು ಹಿಡಿದಿದ್ದಳು. ಅಷ್ಟರಲ್ಲಿ ಗೊಬ್ಬರದ ಅಂಗಡಿಯ ವರ ಬಂದ. ಒಳ್ಳೆಯ ಮನೆತನ, ನೀರು ಸೋಸಿ ಕುಡಿಯುವ ಮಂದಿ, ಇನ್ನೇನು ಬೇಕೆಂದು ಅಪ್ಪ ಅಕ್ಷತೆ ಹಾಕಿ ಕಳಿಸಿದ. ಮಗ ಸಮ್ಮೇದ ಈಗ ಒಂದನೇ ಇಯತ್ತೆ. ಪೆನ್ಸಿಲ್ ಹಿಡಿದದ್ದು ಅವನ ಹೋಂವರ್ಕಿಗೆ ಮಾತ್ರ.

ಒಂದು ಸಲ ಬಿಟ್ಟು. ಬ್ರಾಹ್ಮಿ ಎಂಟನೇ ಇಯತ್ತೆಯಲ್ಲಿದ್ದಾಗ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ತ್ರಿಶಲಾ ಒಂದು ಅಡ್ಡಗೆರೆ ಎಳೆದು, ಅದರ ಮೇಲೆ ಒಂದು ಚುಕ್ಕೆ ಇಟ್ಟು, ಆ ಚುಕ್ಕೆಗೆ ಬಂದು ಸೇರುವಂತೆ ರಸ್ತೆಯ ಎರಡು ಅಂಚು ಎಳೆದು ತೋರಿಸಿದ್ದಳು. ಅಕ್ಕಪಕ್ಕ ಲೈಟಿನ ಕಂಬ ಇಟ್ಟಳು. ಮುಂದಿನದು ಉದ್ದ, ಹಿಂದಿನದು ಗಿಡ್ಡ, ಅದರ ಹಿಂದಿನದು ಇನ್ನೂ ಗಿಡ್ಡ. “ಅಯ್ಯ ಕಾಕು! ರಸ್ತೆ ಹಾಳ್ಯಾಗ ಒಳಗ ಹೋತು!” ಎಂದು ಹುಡುಗಿ ಚೀರಿ ಕುಣಿದಿತ್ತು. ಅಂದಿನಿಂದ ಅದಕ್ಕೆ ಹುಚ್ಚು ಹತ್ತಿದ್ದು.

ಆದರೆ ಈಗ ಬಂದ ಬೀಗರ ಮುಂದೆಲ್ಲ ಉತ್ತಮ ಸರ್ ಪುರಾಣ. ನಿಪ್ಪಾಣಿಯಲ್ಲಿ ಶನಿವಾರ ರವಿವಾರ ಕ್ಲಾಸು ನಡೆಸುವ ಉತ್ತಮ ಸರ್. ಮೊನ್ನೆ ರಾಯಬಾಗದ ಬೀಗರು ಬಂದಾಗ ರಾಜಮತಿ ಮಗಳ ಚಿತ್ರಗಳನ್ನು ಹಾಸಿಗೆಯ ತುಂಬ ಹರವಿದಳು. ಬಿ.ಎಡ್. ಮಾಡು ಎನ್ನುವವಳೂ ಇವಳೇ, ಹೊರಗಿನವರ ಮುಂದೆ ಮೆರೆಯುವವಳೂ ಇವಳೇ.

“ಭಾರಿ ತೆಗದಾಳ್ರಿ! ಯಾರ ಕಲಿಸಿದ್ರವಾ?”

“ಉತ್ತಮ ಸರ್,” ಎಂದಳು ಬ್ರಾಹ್ಮಿ, ಕಣ್ಣು ಮಿಟುಕಿಸದೆ.

ಚಹಾ ತಂದ ತ್ರಿಶಲಾ ಕಪ್ಪುಬಸಿಗಳನ್ನು ಕುಕ್ಕಿ ಇಟ್ಟು ಒಳಗೆ ಹೋದಳು. ಅಂದು ರೊಟ್ಟಿ ಬಡಿದ ಸದ್ದು ಓಣಿಯ ಕೊನೆಯ ಮನೆಗೂ ಕೇಳಿಸಿತಂತೆ. ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು, ಬೇರೆ ಮಾತಿಲ್ಲ. ಹುಡುಗಿಗೆ ಕ್ಲಾಸು, ಹುಡುಗಿಗೆ ದೊಡ್ಡ ಹಲಗೆ, ಹುಡುಗಿಗೆ ತರತರದ ಪೆನ್ಸಿಲು. ತನಗೆ ಹಂಚು, ಹಿಟ್ಟು, ನೀರು ಸೋಸುವ ಅರಿವೆ.

ಮುಂದಿನ ರವಿವಾರ ಬ್ರಾಹ್ಮಿ ಚಿತ್ರ ತಂದಳು. ಊಟವಾದ ಮೇಲೆ ಪಡಸಾಲೆಯ ಗೋಡೆಗೆ ಹಲಗೆ ಆನಿಸಿದಳು. ನಿಜ ಹೇಳಬೇಕೆಂದರೆ, ಎಲ್ಲರೂ ಕೂತಲ್ಲಿಂದಲೇ ಮುಂದಕ್ಕೆ ಬಾಗಿದರು. ಮೂಡಣ ಮೂಲೆಯಲ್ಲಿ ನಿಂತು ನೋಡಿದರೆ ಮನೆ ಹೇಗೆ ಕಾಣುವುದೋ ಹಾಗೆಯೇ ಇತ್ತು. ಹತ್ತಿರದ ಮೂಲೆ ಎತ್ತರಕ್ಕೆ ಎದ್ದು ನಿಂತು, ಚಾವಣಿಯ ಗೆರೆ ಓಣಿಯ ಗುಂಟ ಇಳಿದು ಹೋಗಿತ್ತು. ಕಿಟಕಿ, ಕಟ್ಟೆ, ಎರಡು ಬಾಗಿಲು, ಎಲ್ಲ ಇತ್ತು.

“ಇದು ನಮ್ಮ ಮನೀನ?” ಎಂದು ಅಕ್ಕಾತಾಯಿ ಚಾಳೀಸು ಹಾಕಿಕೊಂಡಳು.

ಶೀತಲ ಎದ್ದು ಹತ್ತಿರ ಹೋದ. ಮೊದಲು ಮೂಡಣ ಬಾಗಿಲಿಗೆ ಅಂಗೈ ಇಟ್ಟ. ಆಮೇಲೆ ಪಡುವಣ ಬಾಗಿಲಿಗೆ ಬೆರಳು ಇಟ್ಟ. ತಿರುಗಿ ನಿಂತ.

“ಅಣ್ಣನ ಬಾಗಲಾ ಅಂಗೈಯಷ್ಟ ಐತಿ. ನನ್ನ ಬಾಗಲಾ ಬೆರಳುದ್ದ!”

ನೇಮಿನಾಥ ನಕ್ಕ. “ಚಿತ್ರಲೇ ಅದು.”

“ಚಿತ್ರಾ ನೋಡೇ ದಾದಾಸಾಬ ಕಟ್ಟಾಂವ ಅಲ್ಲೇನ? ನಿನ್ನ ಕಿಟಕಿ ನೋಡು, ನನ್ನ ಕಿಟಕಿ ನೋಡು. ನನ್ನ ಪಾಲಿನ ಮನಿ ಕೋಳಿ ಗೂಡ ಆಗೇತಿ!”

“ಕಾಕಾ, ಅದು ದೂರ ಐತಿ, ಅದಕ್ಕ ಸಣ್ಣ ಕಾಣತೈತಿ,” ಎಂದಳು ಬ್ರಾಹ್ಮಿ. “ಅಳತಿ ಎರಡೂ ಒಂದ ಐತಿ. ಇದಕ್ಕ ಪರ್ಸ್ಪೆಕ್ಟಿವ್ ಅಂತಾರ.”

“ನಂದ ಯಾಕ ದೂರ ಇಟ್ಟಿ ಹಂಗಾರ? ನಿಮ್ಮಪ್ಪಂದ ದೂರ ಇಡಬೇಕಿತ್ತು!”

“ಶೀತಲ, ಮಗಳ ಮ್ಯಾಲ ಒದರಬ್ಯಾಡ,” ಎಂದ ನೇಮಿನಾಥ. ನಗು ಹೋಗಿತ್ತು.

“ಮಗಳ ಕಡೆಯಿಂದ ಬರಸಿದಾಂವ ನೀನ ಅಲ್ಲೇನು? ಮೊದಲ ಚಿತ್ರದಾಗ ಸಣ್ಣ ಮಾಡೂದು, ಆಮ್ಯಾಲ ಪಾಯಾದಾಗ ಸಣ್ಣ ಮಾಡೂದು!”

“ಏನಂದಿ?”

ಬ್ರಾಹ್ಮಿ ಬಾಗಿಲ ಬಳಿ ನಿಂತಿದ್ದ ತ್ರಿಶಲಾ ಕಡೆ ತಿರುಗಿದಳು. “ಕಾಕು, ನಿಮಗ ಗೊತ್ತೈತೆಲ್ಲ. ನೀವಾರ ಹೇಳ್ರಿ.”

ತ್ರಿಶಲಾ ಚಿತ್ರ ನೋಡಿದಳು. ಗೆರೆಗಳೆಲ್ಲ ಹೋಗಬೇಕಾದ ಕಡೆಗೇ ಹೋಗಿದ್ದವು. ಒಂದೂ ತಪ್ಪಿರಲಿಲ್ಲ. ಇಷ್ಟು ಚೊಕ್ಕಾಗಿ ತಾನು ಆ ವಯಸ್ಸಿನಲ್ಲಿ ತೆಗೆದಿರಲಿಲ್ಲ ಎಂಬುದೂ ತಿಳಿಯಿತು. ಆ ತಿಳಿದದ್ದೇ ಕೆಟ್ಟದಾಯಿತು.

“ನನಗೇನ ತಿಳೀತೈತವಾ,” ಎಂದಳು. “ನಾ ಏನ ಕ್ಲಾಸಿಗೆ ಹೋದಾಕಿ ಅಲ್ಲ.”

ಖಾಲಿ ತಾಟುಗಳನ್ನು ಎತ್ತಿಕೊಂಡು ಬಚ್ಚಲಿಗೆ ನಡೆದಳು.

ಮರುದಿನದಿಂದ ಶೀತಲ ಸಂಜೆಗೆ ಮನೆಗೆ ಬರುವುದು ಬಿಟ್ಟ. ಅಂಗಡಿಯಲ್ಲೇ ಹೊತ್ತು ಮುಳುಗುವ ಮೊದಲು ಡಬ್ಬಿ ಬಿಚ್ಚಿ ಉಂಡು, ಕತ್ತಲಾದ ಮೇಲೆ ಬಂದು ಮಲಗುತ್ತಿದ್ದ. ನೇಮಿನಾಥ ದಾದಾಸಾಬನಿಗೆ ಪಾಯ ತೆಗೆಯುವುದು ಬೇಡ ಎಂದು ಹೇಳಿ ಕಳಿಸಿದ. ತಂದು ಹಾಕಿದ್ದ ಕಲ್ಲುಗಳ ಮೇಲೆ ಓಣಿಯ ಆಡುಗಳು ಹತ್ತಿ ಮಲಗತೊಡಗಿದವು.

ಗಂಡಸರು ಮಾತು ಬಿಟ್ಟರೆ ಹೆಂಗಸರು ಮಾತು ಹಿಡಿಯುತ್ತಾರೆ. ಒಂದು ಬೆಳಿಗ್ಗೆ ನೀರು ಬಂದಾಗ ನಳದ ಮುಂದೆ ಹತ್ತಿತು.

“ಅರಿವಿ ಹಿಂಡಿ ಇಡಬಾರದೇನ? ನಿನ್ನೆ ಸೋಸಿದ್ದ ಹಂಗ ಬಿಟ್ಟೀದಿ,” ಎಂದಳು ರಾಜಮತಿ.

“ನಿನ್ನೆ ಸೋಸಿದಾಕಿ ನಾ ಅಲ್ಲಕ್ಕಾ. ನಿಮ್ಮ ಮಗಳು. ಆಕಿಗೆ ಹೇಳಬೇಕಂದ್ರ ನಾಲಿಗಿ ಏಳೂದಿಲ್ಲ ನಿಮಗ.”

“ನನ್ನ ಮಗಳ ಸುದ್ದಿಗೆ ಬರಬ್ಯಾಡ. ಹುಡುಗಿ ಎಂಟ ದಿನದಿಂದ ಬರೋಬರಿ ಉಂಡಿಲ್ಲ. ನಿನ್ನ ಗಂಡಗ ನಾಕ ಮಾತ ಹೇಳಿದ್ರ ಇಷ್ಟ ಆಗ್ತಿದ್ದಿಲ್ಲ.”

“ನಿಮ್ಮ ಗಂಡಗ ನೀವ ಹೇಳ್ರಿ.”

“ಬಾಯಿ ಮಾಡಬ್ಯಾಡ್ರೆ!” ಎಂದು ಒಳಗಿನಿಂದ ಅಕ್ಕಾತಾಯಿ ಕೂಗಿದಳು. “ನಿಮ್ಮ ನಿಮ್ಮ ಕೊಡಾ ತುಂಬಕೊಂಡ ಒಳಗ ಬರ್ರಿ.”

ತುಂಬಿಕೊಂಡು ಬಂದರು. ಅಂದಿನಿಂದ ಒಲೆಯೂ ಎರಡಾಯಿತು. ರಾಜಮತಿ ಗ್ಯಾಸಿನ ಮೇಲೆ, ತ್ರಿಶಲಾ ಹಿತ್ತಲಿನ ಕಟ್ಟಿಗೆ ಒಲೆಯ ಮೇಲೆ. ಅಕ್ಕಾತಾಯಿಗೆ ಎರಡೂ ಕಡೆಯಿಂದ ತಾಟು ಬರುತ್ತಿತ್ತು. ಅವಳು ಎರಡರಲ್ಲೂ ಅರ್ಧ ಬಿಟ್ಟು ಏಳುತ್ತಿದ್ದಳು.

ಬ್ರಾಹ್ಮಿ ಹಿತ್ತಲಿನ ಕಲ್ಲಿನ ಮೇಲೆ ಕೂತು ಅಳುವುದನ್ನು ತ್ರಿಶಲಾ ಒಲೆ ಊದುತ್ತ ನೋಡಿದಳು. ಪಾಪ ಅನ್ನಿಸಿತು. ಅದರ ಬೆನ್ನಿಗೇ, ಅಳಲಿ ಬಿಡು, ಕಾಗಲದಲ್ಲಿ ನಾನು ಅತ್ತಾಗ ಯಾವಳು ಬಂದು ಕಣ್ಣೊರೆಸಿದ್ದಳು, ಅಂತಲೂ ಅನ್ನಿಸಿತು. ಊದುಗೊಳವೆ ಬಿಟ್ಟು ಏಳಲಿಲ್ಲ.

ಶೀತಲ ಒಮ್ಮೆ ಕೇಳಿದ. ಡಬ್ಬಿ ಕಟ್ಟುತ್ತಿದ್ದವಳ ಎದುರು ನಿಂತು, ದನಿ ತಗ್ಗಿಸಿ ಕೇಳಿದ.

“ನೀ ಚಿತ್ರಾ ಕಲತಾಕಿ. ಖರೇ ಹೇಳು. ಅಣ್ಣ ನನಗ ಮೋಸಾ ಮಾಡಾಕತ್ತಾನೋ ಇಲ್ಲೋ?”

ಆ ಮಾತಿನಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು. ಇಲ್ಲ ಅನ್ನು ಎಂದು ಬೇಡಿಕೊಂಡಂತಿತ್ತು.

“ನನಗ ಗೊತ್ತಿಲ್ರಿ,” ಎಂದು ಡಬ್ಬಿಯ ಮುಚ್ಚಳ ಒತ್ತಿದಳು. ಹಸೀ ಸುಳ್ಳು. ನೋಡಿ, ಹೊಟ್ಟೆಕಿಚ್ಚು ಹುಡುಗಿಯ ಮೇಲೆ, ಪೆಟ್ಟು ಗಂಡನಿಗೆ.

ಮೂರನೆಯ ವಾರ ಅಕ್ಕಾತಾಯಿ ಉಪವಾಸ ಹಿಡಿದಳು. ಪರ್ವವಿಲ್ಲ, ವ್ರತವಿಲ್ಲ, ಸುಮ್ಮನೆ ಒಲ್ಲೆ ಎಂದಳು. ಆಗ ಬ್ರಾಹ್ಮಿ ಹೊಸ ಹಾಳೆ ಹಚ್ಚಿ ಕೋಣೆಯ ಬಾಗಿಲು ಹಾಕಿಕೊಂಡಳು. ಸಂಜೆ ತಾನೇ ಕಾಕಾನಿಗೆ ಫೋನು ಮಾಡಿ, “ಆಯಿ ಉಂಡಿಲ್ಲ, ಲಗೂನ ಬರ್ರಿ” ಎಂದು ಕರೆಸಿದಳು. ಎಲ್ಲರೂ ಪಡಸಾಲೆಯಲ್ಲಿ ಸೇರಿದಾಗ ಹಲಗೆ ತಂದು ಅದೇ ಗೋಡೆಗೆ ಆನಿಸಿದಳು.

ಅದೇ ಮನೆ, ಅದೇ ಮೂಡಣ ಮೂಲೆ. ಆದರೆ ಈ ಸಲ ಎರಡೂ ಬಾಗಿಲು ಪಟ್ಟಿ ಹಿಡಿದು ಅಳೆದಂತೆ ಒಂದೇ ಅಳತೆ. ಕಿಟಕಿಗಳೆಲ್ಲ ಒಂದೇ ಅಳತೆ.

ಶೀತಲ ಅಂಗೈ ಇಟ್ಟು ನೋಡಿದ. ಇಲ್ಲಿಯೂ ಅಂಗೈ, ಅಲ್ಲಿಯೂ ಅಂಗೈ.

“ಈಗ ಬರೋಬರಿ ಐತಿ,” ಎಂದ. ಮುಖ ಸಡಿಲಾಯಿತು. ಅಣ್ಣನ ಕಡೆ ನೋಡಿದ.

“ಅಂದ್ರ ಮೊದಲಿಂದು ತಪ್ಪಿತ್ತು,” ಎಂದ ನೇಮಿನಾಥ.

“ಹೌದಪ್ಪಾ. ನಂದ ತಪ್ಪು.”

“ಹಂಗಾರ ಆ ಉತ್ತಮ ಸರ್ ತಪ್ಪ ಕಲಸ್ಯಾನ. ಅಣ್ಣತಮ್ಮರಿಗೆ ಜಗಳಾ ಹಚ್ಚೂ ವಿದ್ಯಾ ನಮಗ ಬ್ಯಾಡವಾ. ಕ್ಲಾಸ ಬಿಡು, ಪರೀಕ್ಷೆನೂ ಬಿಡು. ಮನಿ ಒಂದಾತಲ್ಲ, ಸಾಕು.”

“ಆತಪ್ಪಾ,” ಎಂದಳು ಬ್ರಾಹ್ಮಿ. ಅಳಲೂ ಇಲ್ಲ.

“ರಾಜಮತಿ, ತಾಟ ಹಾಕು,” ಎಂದಳು ಅಕ್ಕಾತಾಯಿ. “ಇವತ್ತ ಎಲ್ಲಾರೂ ಕೂಡಿ ಉಣ್ಣೂಣು.”

ತ್ರಿಶಲಾಗೆ ಇನ್ನೇನು ಬೇಕಿತ್ತು? ಕ್ಲಾಸು ಹೋಯಿತು, ಪರೀಕ್ಷೆ ಹೋಯಿತು, ಉತ್ತಮ ಸರ್ ಹೆಸರಿಗೆ ಮಸಿ ಬಿತ್ತು. ಅವಳು ಬಾಯಿ ಬಿಡದೆಯೇ ಎಲ್ಲ ಕೂಡಿಬಂದಿತ್ತು. ರೊಟ್ಟಿಯ ಬುಟ್ಟಿ ಹಿಡಿದು ಬಂದವಳು ಹಾದುಹೋಗುವಾಗ ಚಿತ್ರದ ಕಡೆ ಒಮ್ಮೆ ಕಣ್ಣು ಹಾಯಿಸಿದಳು. ಅಲ್ಲಿಗೇ ನಿಂತುಬಿಟ್ಟಳು. ಪಡುವಣ ತುದಿ ಬಾತುಕೊಂಡು ಮೇಲೆದ್ದಿತ್ತು. ಚಾವಣಿ ಹಿಂದಕ್ಕೆ ಹೋಗುತ್ತ ಅಗಲವಾಗಿತ್ತು. ನೊಗ ಎತ್ತಿ ನಿಲ್ಲಿಸಿದ ಬಂಡಿಯಂತೆ ಇಡೀ ಮನೆ ಹಿಂದಕ್ಕೆ ಮಗುಚುತ್ತಿತ್ತು. ಈ ಹೊಲಸನ್ನು ನೋಡಿ ಎಲ್ಲರೂ ತಲೆಯಾಡಿಸುತ್ತಿದ್ದಾರೆ!

“ತಪ್ಪೈತಿ!” ಎಂದು ಚೀರಿದಳು. ಬುಟ್ಟಿ ನೆಲಕ್ಕಿಟ್ಟಳು. “ಅಯ್ಯ ನಮ್ಮವ್ವಾ, ಇದ ತಪ್ಪೈತಿ! ಮೊದಲಿಂದ ಬರೋಬರಿ ಇತ್ತು!”

“ಏನ ಹೇಳಾಕತ್ತಿ?” ಎಂದ ಶೀತಲ.

“ಅತ್ತಿ, ಏಳ್ರಿ. ಇಲ್ಲಿ ಬಂದ ನಿಂದರ್ರಿ.” ಅತ್ತೆಯ ಕೈ ಹಿಡಿದು ಪಡಸಾಲೆಯ ಮೂಡಣ ಕೊನೆಗೆ ಕರೆದೊಯ್ದಳು. ಅಲ್ಲಿಂದ ಪಡುವಣ ಗೋಡೆಯವರೆಗೆ ಮರದ ಕಂಬಗಳ ಸಾಲು. “ಈ ಕಂಬ, ಆ ಕಡೇಕಿನ ಕಂಬ, ಯಾವ್ದ ದೊಡ್ಡದು?”

“ಎರಡೂ ಒಂದ. ನಿಮ್ಮ ಮಾವ ಒಂದ ಗಿಡಾ ಕಡಿಸಿ ಮಾಡ್ಸಿದ್ರು.”

“ಒಂದ ಕಣ್ಣ ಮುಚ್ರಿ. ಕೈ ಚಾಚಿ ಅಂಗೈ ನೆಟ್ಟಗ ಹಿಡೀರಿ. ಆ ಕಂಬ ಅಳೀರಿ.”

ಅಕ್ಕಾತಾಯಿ ಒಂದು ಕಣ್ಣು ಮುಚ್ಚಿ ಅಂಗೈ ಎತ್ತಿದಳು. ದೂರದ ಕಂಬ ಪೂರ್ತಿ ಅಂಗೈಯ ಹಿಂದೆ ಅಡಗಿತು. ಹತ್ತಿರದ ಕಂಬಕ್ಕೆ ಹಿಡಿದಳು. ಮೇಲೂ ಉಳಿಯಿತು, ಕೆಳಗೂ ಉಳಿಯಿತು.

“ಅಯ್ಯ ಶಿವನ... ಅಲ್ಲ, ಅಯ್ಯ ಭಗವಂತಾ,” ಎಂದಳು ಮುದುಕಿ. “ದಿನಾ ಇಲ್ಲೇ ಓಡಾಡತೇನಿ. ಕಂಡಿದ್ದಿಲ್ಲ.”

ತ್ರಿಶಲಾ ಬ್ರಾಹ್ಮಿಯ ಕೈಯಿಂದ ಪೆನ್ಸಿಲ್ ಕಿತ್ತುಕೊಂಡಳು. ಹಾಳೆ ತಿರುವಿ ಹಲಗೆಗೆ ಹಚ್ಚಿದಳು. ಅಡ್ಡಗೆರೆ ಎಳೆದಳು, ಎರಡು ತುದಿಗೆ ಎರಡು ಚುಕ್ಕೆ ಇಟ್ಟಳು, ನಡುವೆ ಮೂಲೆಯ ಗೆರೆ ಎತ್ತಿದಳು. ಪಟ್ಟಿ ಕೇಳಲಿಲ್ಲ. ಹಿಟ್ಟು ಹತ್ತಿದ ಕೈಯಿಂದಲೇ ಎಳೆಯುತ್ತ ಹೋದಳು. ಈ ಸಲ ಪಡುವಣ ಮೂಲೆಯಿಂದ ಕಾಣುವ ಮನೆ. ಶೀತಲನ ಬಾಗಿಲು ಮುಂದೆ, ಅಂಗೈಯಷ್ಟು. ಓಣಿಯ ಗುಂಟ ಇಳಿದ ಚಾವಣಿಯ ತುದಿಗೆ ನೇಮಿನಾಥನ ಬಾಗಿಲು.

“ಭಾವಾರ, ನೋಡ್ರಿ. ಈಗ ನಿಮ್ಮ ಬಾಗಲಾ ಬೆರಳುದ್ದ ಆತು. ಜಗಳಾ ತೆಗೀತೀರೇನು? ಮನಿ ಹೊಳ್ಳಿಲ್ಲ. ನೋಡಾಕಿ ನಾ ತಿರುಗಿ ಪಡುವಣ ಮೂಲಿಗೆ ಬಂದ ನಿಂತೇನಿ, ಅಷ್ಟ.”

ಅಣ್ಣತಮ್ಮಂದಿರು ಆ ಹಾಳೆ ನೋಡಿದರು, ಒಬ್ಬರನ್ನೊಬ್ಬರು ನೋಡಿದರು. ಶೀತಲನ ಕಿವಿ ಕೆಂಪಾಗಿತ್ತು. ಹುಡುಗಿಯನ್ನು ಪರೀಕ್ಷೆಗೆ ಕಳಿಸದೆ ಇರಲು ಈಗ ಯಾವ ಕಾರಣವೂ ಉಳಿದಿರಲಿಲ್ಲ.

ಅಕ್ಕಾತಾಯಿ ಮಾತ್ರ ಸೊಸೆಯ ಮುಖವನ್ನೇ ನೋಡುತ್ತಿದ್ದಳು.

“ಇದು ನಿನಗ ಮೊದಲ ದಿನಾನ ಗೊತ್ತಿತ್ತೇನ?”

ಪೆನ್ಸಿಲ್ ನಿಂತಿತು.

“ಗೊತ್ತಿತ್ರಿ.”

“ಮತ್ತ ಬಾಯಿ ಯಾಕ ಬಿಡಲಿಲ್ಲ?”

ಸುಳ್ಳು ಹೇಳಬಹುದಿತ್ತು. ಆದರೆ ಹಾಳೆಯ ಮೇಲೆ ಅಷ್ಟು ನೆಟ್ಟಗೆ ಗೆರೆ ಎಳೆದ ಮೇಲೆ ಬಾಯಿಗೆ ಸುಳ್ಳು ಬರಲಿಲ್ಲ.

“ಹೊಟ್ಟಿಕಿಚ್ಚಾತ್ರಿ ಅತ್ತಿ,” ಎಂದಳು. “ಮೊದಲನೇ ಗೆರಿ ಕಲಿಸಿದಾಕಿ ನಾನು. ಎಲ್ಲಾರ ಮುಂದ ಉತ್ತಮ ಸರ್, ಉತ್ತಮ ಸರ್. ನಾ ಕೊಲ್ಲಾಪುರಕ್ಕ ಹೋಗಾಕಿ ಇದ್ನಿ. ನನ್ನ ಯಾರೂ ಕಳಸಲಿಲ್ಲ. ಆಕಿನ್ನ ಯಾಕ ಕಳಸಬೇಕು ಅನಿಸ್ತು.”

“ನನ್ನ ಮಗಳು ಅನ್ನಾ ಬಿಟ್ಟಿದ್ಳು!” ಎಂದು ರಾಜಮತಿ ಮೇಲೇರಿ ಬಂದಳು. “ಮುದುಕಿ ಉಪಾಸ ಬಿದ್ಳು! ಗೂಬಿಯಂಗ ಒಲಿ ಊದಕೋತ ಕುಂತಿದ್ದೆಲ್ಲಾ ತಾಯಿ! ನಿನ್ನ ಹೊಟ್ಟಿ ತಣ್ಣಗಾತೇನ?”

“ಇಲ್ಲಕ್ಕಾ,” ಎಂದಳು ತ್ರಿಶಲಾ. “ಇನ್ನೂ ಆಗಿಲ್ಲ.”

ಶೀತಲ, “ನನಗ ಸೈತ ಗೊತ್ತಿಲ್ಲ ಅಂದಿ,” ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದು ಹೋದ. ರಾಜಮತಿಯ ಬೈಗುಳಕ್ಕೆ ಜಗ್ಗದವಳಿಗೆ ಆ ಒಂದು ಮಾತಿಗೆ ಕಣ್ಣು ತುಂಬಿತು.

“ಸಾಕು,” ಎಂದಳು ಅಕ್ಕಾತಾಯಿ. “ಹೊತ್ತ ಮುಣಗತೈತಿ, ಎಲ್ಲಾರೂ ಉಣ್ರಿ. ಬ್ರಾಹ್ಮಿ ಪರೀಕ್ಷೆಗೆ ಹೋಗಲಿ. ಕರಕೊಂಡ ಹೋಗಾಕಿ ನೀನ, ತ್ರಿಶಲಾ. ಆಕಿ ಒಳಗ ಬರೀತಾಳು, ನೀ ಹೊರಗ ಕುಂದರು. ನಿನಗ ಅದ ಶಿಕ್ಷಾ.”

ಶಿಕ್ಷೆ ಸಣ್ಣದಾಗಿರಲಿಲ್ಲ. ಬೆಳಗಾವಿಯ ಆ ಕಾಲೇಜಿನ ಗೇಟಿನೊಳಗೆ ಹುಡುಗಿಯರು ಹಲಗೆ ಹಿಡಿದು, ಪೆನ್ಸಿಲ್ ಡಬ್ಬಿ ಹಿಡಿದು ಗುಂಪುಗುಂಪಾಗಿ ಹೋಗುತ್ತಿದ್ದರೆ ತ್ರಿಶಲಾ ಬೇವಿನ ಗಿಡದ ಕಟ್ಟೆಯ ಮೇಲೆ ಬುತ್ತಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ಗೇಟು ಮುಚ್ಚಿತು. ಪಕ್ಕದಲ್ಲಿ ಅಥಣಿಯಿಂದ ಬಂದ ಒಬ್ಬ ಹೆಂಗಸು ಮಾತಿಗೆ ಹತ್ತಿದಳು.

“ಮಗಳ ಏನ್ರಿ ನಿಮ್ಮಾಕಿ?”

“ಭಾವನ ಮಗಳ್ರಿ.”

“ಚಲೋ ತೆಗೀತಾಳೇನ್ರಿ ಚಿತ್ರಾ?”

“ಒಳಗ ನಾ ಇರಬೇಕಿತ್ರಿ,” ಎಂದಳು ತ್ರಿಶಲಾ.

ಆ ಹೆಂಗಸು ಚೇಷ್ಟೆ ಎಂದುಕೊಂಡು ಜೋರಾಗಿ ನಕ್ಕಳು. ತ್ರಿಶಲಾ ನಗಲಿಲ್ಲ.

ಮಧ್ಯಾಹ್ನ ಬ್ರಾಹ್ಮಿ ಹೊರಗೆ ಬಂದಳು. ಬಸ್ ಸ್ಟ್ಯಾಂಡಿನ ಕಲ್ಲಬೆಂಚಿನ ಮೇಲೆ ಕೂತು ಇಬ್ಬರೂ ಬುತ್ತಿ ಬಿಚ್ಚಿದರು. ಆ ಸಂಜೆಯ ನಂತರ ಅವರಿಬ್ಬರ ನಡುವೆ ಮಾತು ಕಡಿಮೆಯೇ ಇತ್ತು.

“ಏನ ಕೊಟ್ಟಿದ್ರು?”

“ರೈಲ್ವೆ ಸ್ಟೇಶನ್. ಪ್ಲಾಟ್‌ಫಾರ್ಮಿನ ಮ್ಯಾಲ ನಿಂತ ನೋಡಿದಂಗ ತೆಗಿ ಅಂತ.”

“ತೆಗದ ತೋರಸು.”

ರೊಟ್ಟಿ ಸುತ್ತಿದ್ದ ಕಾಗದದ ಬೆನ್ನಿಗೆ ಬ್ರಾಹ್ಮಿ ತೆಗೆದು ತೋರಿಸಿದಳು. ತ್ರಿಶಲಾ ಕಾಗದ ಇಸಿದುಕೊಂಡು ಬಸ್ಸು ಹತ್ತಿದಳು. ಕಿಟಕಿಯ ಬದಿಗೆ ಕೂತು ಬೆಳಕಿಗೆ ಹಿಡಿದಳು. ಹಳಿ ನೋಡಿದಳು, ಕಂಬ ನೋಡಿದಳು, ಮೇಲಿನ ತಗಡು ನೋಡಿದಳು. ಕಂಬದಿಂದ ಕಂಬಕ್ಕೆ ಇರುವ ಸಂದು ದೂರ ಹೋದಂತೆ ಕಿರಿದಾಗಬೇಕು, ಬಹಳ ಮಂದಿ ತಪ್ಪುವುದು ಅಲ್ಲಿಯೇ. ಬೆರಳಿಟ್ಟು ಅದನ್ನೂ ಅಳೆದಳು. ತಪ್ಪು ಹುಡುಕಿದಳು, ಮನಸ್ಸಿಟ್ಟು ಹುಡುಕಿದಳು. ಒಂದೇ ಒಂದು ಸಿಕ್ಕಿದ್ದರೆ ಜೀವಕ್ಕೆ ಎಷ್ಟೋ ಸಮಾಧಾನವಾಗುತ್ತಿತ್ತು.

“ತಪ್ಪೈತೇನ ಕಾಕು?” ಎಂದು ಹುಡುಗಿ ಹೆದರಿ ಹೆದರಿ ಕೇಳಿದಳು. ಬಸ್ಸು ಆಗಿನ್ನೂ ಬೆಳಗಾವಿ ಬಿಟ್ಟಿತ್ತು.

ತ್ರಿಶಲಾ ಕಾಗದ ಮಡಚಿದಳು, ಮತ್ತೆ ಬಿಚ್ಚಿದಳು, ಕಿಟಕಿಯ ಆಚೆ ನೋಡಿದಳು. “ಚಲೋ ತೆಗದಿ” ಎಂಬ ಎರಡು ಮಾತು ಅವಳ ಬಾಯಿಗೆ ಬರುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿ ಕಳೆದು ಬಸ್ಸು ಸಂಕೇಶ್ವರ ದಾಟಿತ್ತು.